ದೊಡ್ಡ ಪಂಪ್ ಹಾಕಿಸುವ ಮುನ್ನ

ನವೆಂಬರ್ 4, ಸೋಮವಾರ

ಇವತ್ತು ಮೂರನೇ ತಿರುವಿನಲ್ಲಿ ವ್ಯಾನ್ ಹಿಂದಕ್ಕೆ ಜಾರಿತು. ಹೆಚ್ಚೇನಲ್ಲ, ಒಂದು ಮಂಚದುದ್ದ ಇರಬಹುದು. ಆದರೆ ಹಿಂದೆ ಜಲ್ಲಿ ತುಂಬಿದ ಲಾರಿ ಇತ್ತು. ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಏನೂ ಇಲ್ಲ, ಬರೀ ಪ್ರಪಾತ. ಚೆನ್ನಾಗಿ ಏರುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಸೊರಗಿತು. ಸದ್ದು ಇಳಿಯಿತು, ಎಳೆತ ಹೋಯಿತು, ಎಂಜಿನ್ ಆಫ್. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಲಾರಿಯವನು ಇಳಿದು ಬಂದು ನನ್ನ ವಂಶವನ್ನೆಲ್ಲ ನೆನೆದು ಹೋದ.

ಒಳಗೆ ಏಳು ಜನ ಹೆಂಗಸರಿದ್ದರು. ಬೆಟ್ಟದ ಮೇಲಿನ ಕನ್ನಡಕದ ಕಾರ್ಖಾನೆಯವರು. ಗಾಜನ್ನು ಬೆಳಕಿಗೆ ಹಿಡಿದು ಗೀರು ಹುಡುಕುವುದು ಅವರ ಕೆಲಸ. ಅವರನ್ನು ಬೆಳಗ್ಗೆ ಹತ್ತಿಸಿಕೊಂಡು ಹೋಗುವುದು, ಸಂಜೆ ಇಳಿಸಿಕೊಂಡು ಬರುವುದು ನನ್ನ ಕೆಲಸ. ಯಾರೂ ಕಿರುಚಲಿಲ್ಲ. ನಾನೇ ನಗುತ್ತ, "ಗಾಡಿಗೂ ನನ್ ಥರಾನೇ ವಯಸ್ಸಾಯ್ತು ನೋಡಿ, ಒಂಚೂರು ಸುಧಾರಿಸ್ಕೊಳ್ತು" ಎಂದೆ. ಯಾರೂ ನಗಲೂ ಇಲ್ಲ. ನನ್ನ ಪಕ್ಕದ ಸೀಟಿನ ದೊಡ್ಡಕ್ಕ ಮಾತ್ರ, "ಹೋಗೋಣ ಡ್ರೈವರಣ್ಣ, ಹೊತ್ತಾಗುತ್ತೆ" ಎಂದರು. ಅವರಲ್ಲೆಲ್ಲ ಹಿರಿಯರು ಅವರೇ.

ಯಾರಿಗಾದರೂ ಹೇಳಿಕೊಳ್ಳಬೇಕು. ಹೆಂಡತಿಗೆ ಹೇಳಿದರೆ ವ್ಯಾನ್ ಮಾರಿಬಿಡಿ ಎನ್ನುತ್ತಾಳೆ. ಆ ಹೆಂಗಸರಿಗೆ ನನ್ನ ಭಯ ತಿಳಿದರೆ ನಾಳೆಯೇ ಬೇರೆ ಗಾಡಿ ನೋಡಿಕೊಳ್ಳುತ್ತಾರೆ. ಹಾಗಾಗಿ ಈ ಡೈರಿ. ಇದು ತಿರುಗಿ ಮಾತಾಡುವುದಿಲ್ಲ.

ನವೆಂಬರ್ 5, ಮಂಗಳವಾರ

ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಈ ವ್ಯಾನಿನ ಹೊಟ್ಟೆಯೊಳಗಿನ ಪ್ರತಿಯೊಂದು ನಟ್ಟಿಗೂ ಅವನ ಪರಿಚಯ ಇದೆ. ಡೀಸೆಲ್ ಫಿಲ್ಟರ್ ಬದಲಾಯಿಸಿದ. ಪೈಪಿನಲ್ಲಿ ಗಾಳಿ ಸೇರಿಕೊಂಡಿರಬಹುದೆಂದು ಅದನ್ನೂ ತೆಗೆದ. ಆಮೇಲೆ ತಾನೇ ಒಂದು ಸುತ್ತು ಓಡಿಸಿಕೊಂಡು ಬಂದ, ಶಿಳ್ಳೆ ಹೊಡೆಯುತ್ತ.

"ಕುದುರೆ ಥರ ಓಡ್ತಿದೆ ಅಣ್ಣ. ನಿಮ್ಮನ್ನ ಕಂಡ್ರೆ ಮಾತ್ರ ನಾಟಕ ಆಡುತ್ತೋ ಏನೋ."

"ಮನೇಲೂ ಹಂಗೇ, ಗ್ಯಾರೇಜಲ್ಲೂ ಹಂಗೇ. ನನ್ನ ಕಂಡ್ರೆ ಎಲ್ಲರಿಗೂ ಸದರ" ಎಂದೆ. ಇಬ್ಬರೂ ನಕ್ಕೆವು. ಜೀವ ಬಂದಂತಾಯಿತು. ಹಾಳು ಗಾಳಿಗೆ ನಾನೆಷ್ಟು ಹೆದರಿಬಿಟ್ಟಿದ್ದೆ.

ನವೆಂಬರ್ 8, ಶುಕ್ರವಾರ

ಗಾಳಿಯಲ್ಲ. ಬುಧವಾರ ಮತ್ತೆ ಅದೇ ತಿರುವಿನಲ್ಲಿ ಎಳೆತ ತಗ್ಗಿತು, ಸದ್ಯ ನಿಲ್ಲಲಿಲ್ಲ. ಇವತ್ತು ಇನ್ನೊಂದು ವರಸೆ. ಕಾರ್ಖಾನೆಯ ಗೇಟಿನ ಮುಂದೆ ನಿಧಾನ ಮಾಡುತ್ತಿರುವಾಗ ಎಂಜಿನ್ ತಾನಾಗಿಯೇ ಅಬ್ಬರಿಸಿ ಮುಂದಕ್ಕೆ ಹಾರಿತು. ಕಾವಲಿನವನು ಕುರ್ಚಿ ಬಿಟ್ಟು ಓಡಿದ. ಕುರ್ಚಿಯ ಒಂದು ಕಾಲು ಮುರಿದಿದೆ. ಹೊಸದು ಕೊಡಿಸುತ್ತೇನೆ ಎಂದೆ. ಅವನು ಕುರ್ಚಿ ನೋಡಲಿಲ್ಲ, ನನ್ನನ್ನೇ ನೋಡಿದ.

ಬೇಕೆಂದಾಗ ಕೊಡುವುದಿಲ್ಲ, ಬೇಡವೆಂದಾಗ ಸುರಿಯುತ್ತದೆ. ಇದು ಡೀಸೆಲ್ ಪಂಪಿನದೇ ಕಿತಾಪತಿ, ಅನುಮಾನವೇ ಇಲ್ಲ.

ಬೆಳಗ್ಗೆ ಎದ್ದರೆ ಮೊದಲು ನೆನಪಾಗುವುದು ಆ ತಿರುವು. ಹಲ್ಲುಜ್ಜುವಾಗ ತಿರುವು, ಟೀ ಕುಡಿಯುವಾಗ ತಿರುವು. ಅಲ್ಲಿಗೆ ಬರುವ ಮೊದಲೇ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತದೆ. ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಇದೆಂಥ ಅವಸ್ಥೆ. ಮನೆಗೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಅಂಗಳದ ಆಚೆಯೇ ಬಿದ್ದಿತ್ತು. ಹೆಂಡತಿ ನಕ್ಕಳು. "ತಲೆ ಎಲ್ಲಿಟ್ಟು ಬಂದ್ರಿ?" ಎಂದಳು. ತಿರುವಿನಲ್ಲಿಟ್ಟು ಬಂದೆ ಎನ್ನಲಿಲ್ಲ.

ನವೆಂಬರ್ 10, ಭಾನುವಾರ

ಮೇಸ್ತ್ರಿ ಪಂಪ್ ಬಿಚ್ಚಿ, ಪಂಪ್ ಅಳೆಯುವವರ ಬಳಿಗೆ ಒಯ್ದು, ಮೆಷಿನ್ನಿಗೆ ಹಾಕಿಸಿ ನೋಡಿಕೊಂಡು ಬಂದ. ಎಂಜಿನ್ನಿಗೆ ಡೀಸೆಲ್ ಅಳೆದು ಚಿಮ್ಮಿಸುವುದು ಈ ಪಂಪೇ. ಒಂದು ತೆಂಗಿನಕಾಯಿಯಷ್ಟು ಗಾತ್ರ, ನಮ್ಮೆಲ್ಲರ ಜೀವ ಅದರೊಳಗೆ.

"ಹಳೇದು ನಿಜ, ಆದ್ರೆ ಅಳತೆ ಸರಿಯಾಗೇ ಇದೆ. ನೀವು ಎಷ್ಟು ಒತ್ತಿದ್ರೆ ಅಷ್ಟು ಕೊಡುತ್ತೆ" ಎಂದ.

"ಕೊಡಲ್ಲ ಕಣಯ್ಯಾ! ಒತ್ತೋನು ನಾನು, ನಂಗೆ ಗೊತ್ತಿಲ್ವಾ?"

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ, ಇದೇ ಕಂಪನಿಯ ದೊಡ್ಡ ಗಾಡಿಯ ಪಂಪ್ ಇದಕ್ಕೆ ಕೂರುತ್ತದೆ ಎಂದ. ಅದರೊಳಗಿನ ಕೊಳವೆ ದಪ್ಪ, ಒಂದೊಂದು ಸಲಕ್ಕೂ ಹೆಚ್ಚು ಡೀಸೆಲ್ ಹೋಗುತ್ತದೆ. ಪೆಡಲ್ ಮುಟ್ಟಿದರೆ ಸಾಕು, ಬೆಟ್ಟ ಹಾರಿಕೊಂಡು ಹೋಗುತ್ತದೆ. ಆದರೆ ಎಂಜಿನ್ ಹಳೆಯದು. ಕಾವು ಹೆಚ್ಚಾದರೆ ಅದರ ಮೇಲ್ಮುಚ್ಚಳ, ಅಂದರೆ ಹೆಡ್, ಬಿರುಕು ಬಿಡಬಹುದು, ಅದೂ ನಡು ಬೆಟ್ಟದಲ್ಲಿ. "ಯೋಚನೆ ಮಾಡಿ ಹೇಳಿ. ಹಾಕಿಸ್ಕೊಳ್ಳಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ."

ಇವನೊಬ್ಬ. ಹಾಕಿಸದಿದ್ದರೆ ಹಿಂದಕ್ಕೆ ಜಾರುವ ಭಯ, ಹಾಕಿಸಿದರೆ ಎಂಜಿನ್ ಸಿಡಿಯುವ ಭಯ. ಭಯವನ್ನು ಎರಡು ಮಾಡಿ ಕಳಿಸಿದ.

ನವೆಂಬರ್ 13, ಬುಧವಾರ

ಇವತ್ತು ಬೇರೆಯೇ ಒಂದು ರಾಮಾಯಣ. ಹೆಂಡತಿ ನೆಲ ಒರೆಸುತ್ತಿದ್ದವಳು, "ಇದೇನ್ರೀ ಒದ್ದೆ?" ಎಂದಳು. ಬಚ್ಚಲಿಂದ ಹಾಸಿಗೆಯವರೆಗೆ ನನ್ನ ಬಲಗಾಲಿನ ಹೆಜ್ಜೆ, ಕೆಂಪು ನೀರು. ಕಾಲೆತ್ತಿ ನೋಡಿದರೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆ ಒಡೆದಿತ್ತು.

ಆಶ್ಚರ್ಯವೇನಿಲ್ಲ. ಈ ವ್ಯಾನಿನ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ, ಕಾಲಿಡುವ ತಗಡು ಕಾದ ಹೆಂಚಾಗಿರುತ್ತದೆ. ನಾನು ಚಪ್ಪಲಿ ಬಿಟ್ಟು ಓಡಿಸುವವನು. ನನಗೆ ಕಲಿಸಿದ ಗುರು ಹಾಗೇ ಕಲಿಸಿದ್ದು. ಪೆಡಲ್ಲಿಗೂ ಚರ್ಮಕ್ಕೂ ನಡುವೆ ಏನೂ ಇರಬಾರದು, ಗಾಡಿ ಏನು ಹೇಳುತ್ತದೆಂದು ಅಂಗಾಲಿಗೆ ಕೇಳಬೇಕು ಎನ್ನುತ್ತಿದ್ದರು.

"ಉರಿಯಲ್ವೇನ್ರೀ?"

"ಇಲ್ಲ. ಡ್ರೈವರ್ ಕಾಲು ಕಣೇ, ಟೈರಿನ ಥರ ಗಟ್ಟಿ."

ಅವಳು ನಗಲಿಲ್ಲ. ಕಣ್ಣು ಮುಚ್ಚಿ ಎಂದಳು. ಬೆಂಕಿಕಡ್ಡಿ ತಂದು ಪಾದಕ್ಕೆ ಚುಚ್ಚಿ, ಎಲ್ಲಿ ಹೇಳಿ ಎಂದಳು. ಹೆಬ್ಬೆರಳು ಎಂದೆ. ಕಣ್ಣು ಬಿಟ್ಟು ನೋಡಿದರೆ ಕಡ್ಡಿ ಅಂಗಾಲಿನ ನಡುವೆ ಊರಿತ್ತು, ಬಗ್ಗುವಷ್ಟು. ಅವಳ ಕಣ್ಣಲ್ಲಿ ನೀರು.

"ಸಕ್ಕರೆ ಕಾಯಿಲೆ ಮಾತ್ರೆ ಸರಿಯಾಗಿ ತಗೊಳ್ಳಿ ಅಂತ ಬಡ್ಕೊಂಡೆ. ನಾಳೇನೇ ಡಾಕ್ಟ್ರ ಹತ್ರ."

ನಾಳೆ ಆಗುವುದಿಲ್ಲ, ಮೊದಲು ಪಂಪಿನದು ಬಗೆಹರಿಯಲಿ ಎಂದೆ. ಕಾಲಿನ ಗಾಯ ವಾರದಲ್ಲಿ ಮಾಯುತ್ತದೆ. ಪಂಪ್ ತಾನಾಗಿ ಮಾಯುತ್ತದೆಯೇ?

ನವೆಂಬರ್ 14, ಗುರುವಾರ

ತಿರುವಿನಲ್ಲಿ ಮತ್ತೆ ತಗ್ಗಿತು. ಹಾಕಿಸುವುದೇ ಸರಿ.

ನವೆಂಬರ್ 17, ಭಾನುವಾರ

ಹೆಂಡತಿಯ ತಮ್ಮ ಬಂದಿದ್ದಾನೆ. ದೂರದ ಲಾರಿ ಓಡಿಸುವವನು, ಒಂದಷ್ಟು ದಿನ ರಜೆ. ಅಕ್ಕನ ಕಣ್ಣೀರು ನೋಡಿಯೋ ಏನೋ, "ಭಾವ, ನಿಮ್ಮ ಮುದಿ ರಾಣೀನ ನಾನೊಂದ್ಸಲ ಬೆಟ್ಟ ಹತ್ತಿಸ್ತೀನಿ" ಎಂದ. ಏಳು ಜನರ ತೂಕಕ್ಕೆಂದು ಮರಳಿನ ಚೀಲ ತುಂಬಿದೆವು. ಮೇಸ್ತ್ರಿಯೂ ಹತ್ತಿಕೊಂಡ.

ಮೂರನೇ ತಿರುವು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ವ್ಯಾನ್ ಒಂದೇ ಸಮ ಏರಿತು. ಮೇಲಿನವರೆಗೂ ಏರಿತು. ಇಳಿದು, ಮತ್ತೊಮ್ಮೆ ಹತ್ತಿಸಿದ. ಮತ್ತೆ ಏರಿತು.

ಭಾಮೈದ ಹುಬ್ಬು ಹಾರಿಸಿದ. "ಚಿನ್ನದಂಥ ಗಾಡಿ ಭಾವ. ಇದಕ್ಕೇನಾಗಿದೆ?"

ಮೇಸ್ತ್ರಿ ನನ್ನ ಕಡೆ ತಿರುಗಿ, "ಅಣ್ಣ, ಈಗೊಂದ್ಸಲ ನೀವು ಕೂತ್ಕೊಳ್ಳಿ, ನಾನು ಪಕ್ಕದಲ್ಲಿರ್ತೀನಿ" ಎಂದ. ತಲೆನೋವು ಎಂದೆ. ಗಾಡಿ ಖುಷಿಯಾಗಿ ಏರಿದ್ದನ್ನು ನೋಡಿ ಯಾರಿಗಾದರೂ ಸಂತೋಷವಾಗಬೇಕಲ್ಲವೇ? ನನಗೆ ಆಗಲಿಲ್ಲ. ಭಾಮೈದನ ಮೇಲೆ ಸಿಟ್ಟು ಬಂತು. ಮರಳು ಬೇರೆ, ಮನುಷ್ಯರು ಬೇರೆ ಎಂದು ರೇಗಿದೆ. ಅದೇನು ಮಾತೋ, ನನಗೇ ಅರ್ಥವಾಗಲಿಲ್ಲ.

ನವೆಂಬರ್ 18, ಸೋಮವಾರ

ಒಂದು ಉಪಾಯ ಸಿಕ್ಕಿದೆ. ತಿರುವಿಗೆ ಬರುವಾಗ ಒಮ್ಮೆ ಕೆಳಗೆ ಬಗ್ಗಿ, ಕಾಲು ಪೆಡಲಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳುವುದು. ನೋಡಿಕೊಂಡರೆ ಎಳೆತ ತಗ್ಗುವುದಿಲ್ಲ. ಇವತ್ತು ಎರಡು ಸಲ ನೋಡಿಕೊಂಡೆ. ಸಲೀಸಾಗಿ ಹತ್ತಿತು.

ಕಾಲು ನೋಡುವಾಗ ರಸ್ತೆ ಕಾಣುವುದಿಲ್ಲ, ಅದೊಂದೇ ತೊಂದರೆ. ಒಂದು ಕ್ಷಣದ ಮಾತು ತಾನೇ.

ನವೆಂಬರ್ 21, ಗುರುವಾರ

ಹೆಂಡತಿ ಬಿಡಲಿಲ್ಲ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗಿನ ಮಾತು. ಕೂದಲಿನಂಥ ಪ್ಲಾಸ್ಟಿಕ್ ದಾರವನ್ನು ಪಾದಕ್ಕೆ ಮುಟ್ಟಿಸುತ್ತ, ಗೊತ್ತಾದಾಗ ಹೇಳಿ ಎಂದರು. ನಾನು ಕಾಯುತ್ತಲೇ ಇದ್ದೆ. ಇನ್ನೂ ಶುರು ಮಾಡಲಿಲ್ಲವೇ ಎಂದು ಕೇಳಿದೆ. ಅವರು ಆಗಲೇ ಮುಗಿಸಿ ದಾರವನ್ನು ಡಬ್ಬಿಗೆ ಹಾಕುತ್ತಿದ್ದರು.

ಸಕ್ಕರೆಯಿಂದ ಪಾದದ ನರ ಸತ್ತಿವೆಯಂತೆ. ಎಡಗಾಲಿನಲ್ಲಿ ಒಂದಿಷ್ಟು ಉಳಿದಿದೆ, ಬಲಗಾಲಿನಲ್ಲಿ ಹೆಚ್ಚೇನಿಲ್ಲ. ಹೋಗಿದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು. ಬರಿಗಾಲಲ್ಲಿ ನಡೆಯಬಾರದು, ದಿನವೂ ಪಾದ ನೋಡಿಕೊಳ್ಳಬೇಕು.

"ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಅಂಗಡಿ" ಎಂದೆ. ಬಾಯಿಗೆ ಹೇಗೆ ಬಂತೋ. "ಸಣ್ಣ ಅಂಗಡಿ. ಕೂತ್ಕೊಂಡು ಮಾಡೋ ಕೆಲಸ."

ಹೆಂಡತಿ ನನ್ನ ಕಡೆ ನೋಡಿದಳು. ಡಾಕ್ಟರ ಮುಂದೆ ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಹೇಳಲಿಲ್ಲ. ಮನೆಗೆ ಬಂದ ಮೇಲೂ ಹೇಳಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ನವೆಂಬರ್ 23, ಶನಿವಾರ

ತೀರ್ಮಾನ ಆಯಿತು. ದೊಡ್ಡ ಪಂಪ್ ಹಾಕಿಸುತ್ತೇನೆ. ಮೇಸ್ತ್ರಿ ತರಿಸಿ ಇಟ್ಟಿದ್ದಾನೆ, ಸೋಮವಾರ ಮಧ್ಯಾಹ್ನ ಕೂರಿಸುತ್ತಾನೆ. ನನ್ನ ಲೆಕ್ಕಾಚಾರ ಸುಲಭ. ಕಾಲಿಗೆ ಎಷ್ಟು ಒತ್ತಿದೆನೆಂದು ತಿಳಿಯುವುದು ಕಷ್ಟ, ಆಯಿತು, ಒಪ್ಪಿದೆ. ಮುಟ್ಟಿದರೆ ಸಾಕು ಎನ್ನುವ ಪಂಪ್ ಇದ್ದರೆ ಒತ್ತುವ ಗೊಡವೆಯೇ ಇಲ್ಲವಲ್ಲ.

ಹೆಂಡತಿಗೆ ಇದನ್ನು ವಿವರಿಸಿದೆ. ಎರಡು ದಿನದ ಮೌನ ಅಲ್ಲಿಗೆ ಮುಗಿಯಿತು.

"ಕಾಲಿಗೆ ಏನೂ ಗೊತ್ತಾಗಲ್ಲ ಅಂತ, ಇನ್ನೂ ಜೋರಾಗಿ ಓಡೋ ಗಾಡಿ ಬೇಕಾ ನಿಮಗೆ? ಆ ಏಳು ಜನಕ್ಕೆ ಮನೇಲಿ ಯಾರೂ ಇಲ್ವಾ?"

"ಈ ಗಾಡಿ ಬಿಟ್ರೆ ನಾನೇನೇ? ಹೇಳು, ನಾನು ಏನು?"

ಅವಳು ಎದ್ದಳು. ಒಳಗೆ ಹೋಗಿ ಮುಲಾಮು ತಂದು, ನೆಲಕ್ಕೆ ಕೂತು, ನನ್ನ ಹಿಮ್ಮಡಿಗೆ ಹಚ್ಚಿದಳು. ಹಚ್ಚುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಅಷ್ಟೇ, ಕಾಣುತ್ತಿತ್ತು. ನನಗೆ ತುಂಬ ಭಯವಾಯಿತು. ತಿರುವಿನ ಭಯವಲ್ಲ ಇದು, ಯಾವುದೆಂದು ಹೇಳಲಾರೆ.

ನವೆಂಬರ್ 25, ಸೋಮವಾರ

ನಿಧಾನವಾಗಿ, ಮೊದಲಿಂದ ಬರೆಯುತ್ತೇನೆ.

ಬೆಳಗ್ಗೆ ಎಲ್ಲರನ್ನೂ ಹತ್ತಿಸಿಕೊಂಡು ಹೊರಟೆ. ಮಧ್ಯಾಹ್ನ ಹೊಸ ಪಂಪ್ ಎಂಬ ಧೈರ್ಯವಿತ್ತು. ಮೂರನೇ ತಿರುವು ಬಂತು. ಕಾಲು ನೋಡಿಕೊಳ್ಳಲು ಬಗ್ಗಿದೆ. ಪೆಡಲಿನ ಮೇಲೆ ಸರಿಯಾಗಿಯೇ ಇತ್ತು. ತಲೆ ಎತ್ತಿದರೆ ಎದುರಿಗೇ ರಸ್ತೆ ಗುಡಿಸುವ ಹೆಂಗಸು. ಕಿತ್ತಳೆ ಬಣ್ಣದ ಅಂಗಿ, ನಮಗೆ ಬೆನ್ನು ಹಾಕಿ ಬಗ್ಗಿ ತರಗೆಲೆ ಬಾಚುತ್ತಿದ್ದಳು.

ಬ್ರೇಕ್ ಒತ್ತಿದೆ. ಒತ್ತಿದೆ ಎಂದುಕೊಂಡೆ. ಎಂಜಿನ್ ಅಬ್ಬರಿಸಿತು. ಇನ್ನೂ ಬಲವಾಗಿ ಒತ್ತಿದೆ, ಇನ್ನೂ ಅಬ್ಬರಿಸಿತು. ಕಾಲು ಆಕ್ಸಿಲರೇಟರ್ ಬಿಟ್ಟು ಬಂದೇ ಇರಲಿಲ್ಲ. ಅವಳ ಕೂದಲ ಗಂಟು, ಅದರ ಕಪ್ಪು ಪಿನ್ನು ಕೂಡ ಕಂಡಿತು.

ಕರ್ ಎಂದು ಸದ್ದಾಯಿತು. ವ್ಯಾನ್ ಮುಗ್ಗರಿಸಿ, ನಡುಗಿ, ಆಫ್ ಆಗಿ ನಿಂತಿತು. ದೊಡ್ಡಕ್ಕ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದು ಹಿಡಿದಿದ್ದರು. ಗುಡಿಸುವಾಕೆ ತಿರುಗಿ ನೋಡಿದಳು. ಅವಳ ಪೊರಕೆ ನಮ್ಮ ಬಂಪರಿಗೆ ತಾಗಿತ್ತು. ಏನನ್ನಿಸಿತೋ, ಪೊರಕೆ ಎತ್ತಿಕೊಂಡು ಪಕ್ಕಕ್ಕೆ ಸರಿದಳು. ಅವಳಿಗೆ ಇವತ್ತು ಏನಾಗಬೇಕಿತ್ತೆಂದು ಅವಳಿಗೆ ಗೊತ್ತೇ ಇಲ್ಲ.

ಯಾರೂ ಇಳಿಯಲಿಲ್ಲ. ನಾನು ಸ್ಟೀರಿಂಗಿಗೆ ಹಣೆ ಕೊಟ್ಟು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು. ಅಷ್ಟು ಬೇಗ ಯಾರೂ ಕೈ ಚಾಚಿ ಎಳೆಯಲಾರರು. ಕೈ ಮೊದಲೇ ಅಲ್ಲಿರಬೇಕು.

"ಅಕ್ಕ, ನಿಮ್ಮ ಕೈ..."

"ಅಲ್ಲೇ ಇರುತ್ತೆ. ಲಾರಿ ಮುಂದೆ ಜಾರಿದ್ವಲ್ಲ, ಅವತ್ತಿಂದ ದಿನಾ."

"ನನಗೆ ಹೇಳ್ಬಾರ್ದಾಗಿತ್ತಾ?"

ದೊಡ್ಡಕ್ಕ ಹ್ಯಾಂಡ್‌ಬ್ರೇಕ್ ಬಿಡದೆಯೇ ಮಾತಾಡಿದರು. "ನಿಮ್ಮ ಕಾಲು ಪೆಡಲಿಂದ ಜಾರೋದು ನಾವೆಲ್ಲ ನೋಡಿದ್ವಿ ಡ್ರೈವರಣ್ಣ. ಗೀರು ನೋಡೋದೇ ನಮ್ಮ ಕೆಲಸ ಅಲ್ವಾ? ಅಲ್ಲಿ ಗೀರು ಕಂಡ ಗಾಜನ್ನ ಡಬ್ಬಕ್ಕೆ ಎಸೀಬೇಕು, ಎರಡನೇ ಮಾತಿಲ್ಲ. ನಿಮ್ಮನ್ನ ಎಸೆಯೋಕೆ ಯಾರಿಗೂ ಮನಸ್ಸು ಬರಲಿಲ್ಲ. ಮಳೇಲಿ ನಮಗೋಸ್ಕರ ಕಾದಿದ್ದೀರಿ, ಹಿಂದೆ ಕೂತಿರೋ ಇವಳಿಗೆ ಹೆರಿಗೆ ನೋವು ಬಂದಾಗ ಇದೇ ಗಾಡೀಲಿ ಓಡಿಸ್ಕೊಂಡು ಹೋಗಿದ್ದೀರಿ. ಅದಕ್ಕೇ ಕೈ ಇಟ್ಕೊಂಡು ಕೂತೆ. ಹಿಂದಿನೋರೆಲ್ಲ ಈ ತಿರುವು ದಾಟೋವರೆಗೂ ಉಸಿರು ಬಿಡಲ್ಲ."

ತಿರುಗಿ ನೋಡಿದೆ. ಆರು ಮುಖಗಳೂ ಬಿಳಿಚಿದ್ದವು. ಅಷ್ಟು ದಿನ ನನ್ನ ಭಯವನ್ನು ಅವರಿಂದ ಮುಚ್ಚಿಟ್ಟೆ ಎಂದುಕೊಂಡಿದ್ದೆ. ಅವರು ತಮ್ಮ ಭಯವನ್ನು ನನ್ನಿಂದ ಮುಚ್ಚಿಟ್ಟಿದ್ದರು.

"ನನ್ನ ಕಾಲಿಗೆ ಸ್ಪರ್ಶ ಇಲ್ಲ" ಎಂದೆ. "ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು, ಏನೂ ಗೊತ್ತಾಗಲ್ಲ. ಇಳೀರಿ. ದಯವಿಟ್ಟು ಎಲ್ಲರೂ ಇಳೀರಿ."

ಅತ್ತುಬಿಟ್ಟೆ. ಅವರು ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಉಳಿದ ದಾರಿ ನಡೆದು ಹೋದರು. ಭಾಮೈದ ಬರುವವರೆಗೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಈ ಬಡಪಾಯಿ ಪಂಪನ್ನು ಎಷ್ಟು ಶಪಿಸಿದ್ದೆ. ದೊಡ್ಡ ಪಂಪ್ ಇದ್ದಿದ್ದರೆ ಹ್ಯಾಂಡ್‌ಬ್ರೇಕಿಗೆ ಆ ಎಂಜಿನ್ ನಿಲ್ಲುತ್ತಿರಲಿಲ್ಲ. ಇನ್ನು ಅರ್ಧ ದಿನ ಕಳೆದಿದ್ದರೆ. ಅದನ್ನು ನೆನೆದಾಗಲೆಲ್ಲ ಮೈ ತಣ್ಣಗಾಗುತ್ತದೆ, ಈಗಲೂ.

ಮಧ್ಯಾಹ್ನ ಗ್ಯಾರೇಜಿಗೆ ಹೋದೆವು. ಪಂಪ್ ಎಣ್ಣೆ ಕಾಗದದಲ್ಲಿ ಸುತ್ತಿ ಮೇಜಿನ ಮೇಲಿತ್ತು. "ಶುರು ಮಾಡ್ಲಾ ಅಣ್ಣ?" ಎಂದ ಮೇಸ್ತ್ರಿ.

"ಬೇಡಯ್ಯಾ. ವ್ಯಾನಿಗೇನೂ ಆಗಿಲ್ಲ."

ಅವನು ಪಂಪನ್ನು ಪಕ್ಕಕ್ಕೆ ಸರಿಸಿದ. ಕೈ ಒರೆಸಿಕೊಂಡು ಮೂರು ಟೀ ತರಿಸಿದ. ಕೀಲಿಯನ್ನು ಭಾಮೈದನ ಕೈಗೆ ಕೊಟ್ಟೆ. ಕೊಡುವಾಗ ಬೆರಳು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಡಾಕ್ಟರಿಗೂ ನಿಜ ಹೇಳುತ್ತೇನೆ ಎಂದೆ.

ನವೆಂಬರ್ 26, ಮಂಗಳವಾರ

ಭಾಮೈದ ರಜೆ ಮುಗಿಯುವವರೆಗೆ ಓಡಿಸುತ್ತಾನೆ. ಆಮೇಲೆ ಯಾರನ್ನಾದರೂ ಹುಡುಕಬೇಕು, ಆಮೇಲೆ ನಾನೇನು ಮಾಡಬೇಕು, ಒಂದೂ ಗೊತ್ತಿಲ್ಲ. ಬೆಳಗ್ಗೆ ದಾರಿ ತೋರಿಸುವ ನೆಪದಲ್ಲಿ ನಾನೂ ಹತ್ತಿದೆ. ಎರಡು ಸಲ ಬೆಟ್ಟ ಹತ್ತಿಸಿದವನಿಗೆ ದಾರಿ ಗೊತ್ತೇ ಇತ್ತು. ನನ್ನ ವ್ಯಾನಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಇದೇ ಮೊದಲು. ಬುಗುರಿಯಂತೆ ಕುಣಿಸುತ್ತದೆ, ಇವರು ಒಂದು ದಿನವೂ ದೂರಿರಲಿಲ್ಲ.

ತಿರುವು ಹತ್ತಿರ ಬಂದಂತೆ ನನ್ನ ಬಾಯಿ ಒಣಗಿತು. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪಕ್ಕದಲ್ಲಿದ್ದಾಕೆ ಯಾರದೋ ಮದುವೆಯ ಜಗಳದ ಕಥೆ ಹೇಳುತ್ತಿದ್ದಳು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ವ್ಯಾನ್ ತಿರುವಿಗೆ ಹೊರಳಿತು. ಕಥೆ ನಿಲ್ಲಲಿಲ್ಲ.

ಮುಂದೆ ದೊಡ್ಡಕ್ಕನ ಕಡೆ ನೋಡಿದೆ. ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು, ಎರಡೂ ಕೈ ಮಡಿಲಲ್ಲಿದ್ದವು.